ಗಂಗಾವತಿ ಬಸ್ಸಿನೊಳಗಿನ ವೇಲ್

"ಟಿಕೆಟ್ ಹರದೀನ್ರಿ ಮೇಡಂ, ಸುಳ್ಳ್ಯಾಕ ಹೇಳ್ಲಿ? ಆದ್ರ ಹುಡಿಗೀನ್ನ ನಾ ನೋಡಿಲ್ಲ."

ಕಂಡಕ್ಟರ್ ದುರುಗಪ್ಪ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ನಿಂತಿದ್ದ. ಡ್ರೈವರ್ ಆಗಲೇ ಹಾರ್ನ್ ಹೊಡೆಯುತ್ತಿದ್ದ. ಬಾಗಿಲ ಕಂಬಿ ಹಿಡಿದ ಸುರೇಖಾ ಕೈ ಬಿಡಲಿಲ್ಲ.

"ನೋಡದ ಹೆಂಗ ಕೊಟ್ರಿ?"

"ಸೀಟಿನ ಮ್ಯಾಲೆ ವೇಲ್ ಬಿದ್ದಿತ್ತಲ್ರಿ. ಬಾಜೂಕ ಕುಂತ ಹೆಣ್ಣಮಗಳು, 'ಅಕಿದೂ ಹರಿಯೋ ತಮ್ಮಾ, ನೀರು ತರಾಕ ಹೋಗ್ಯಾಳ' ಅಂದ್ಲು. ಹೆಂಗಸರದು ಶೂನ್ಯ ಟಿಕೆಟ್ಟು, ರೊಕ್ಕದ ಮಾತಿಲ್ಲ. ಆದ್ರ ಒಬ್ಬಾಕಿ ಟಿಕೆಟ್ ಇಲ್ಲದ ಕುಂತಿದ್ಲಂದ್ರ ಚೆಕಿಂಗಿನವ್ರು ಹಿಡಿಯೂದು ನನ್ನ ಕುತಗೀನ. ಅದಕ್ಕ ಮೊದಲ ಹರದು ಬಿಡ್ತೀವಿ. ಆಧಾರ್ ಕಾರ್ಡ್ ಅಕಿ ಬಂದ ಮ್ಯಾಲೆ ನೋಡಿದ್ರಾತು ಅಂತ."

"ಬಂದ್ಲೇನು?"

"ಗದ್ದಲದಾಗ ಮರತೆ ನೋಡ್ರಿ."

ಆ ಒಂದು ಟಿಕೆಟ್ಟು, ಗಂಗಾವತಿ ನಿಲ್ದಾಣದಲ್ಲಿ ಖಾಲಿ ಬಸ್ಸಿನೊಳಗೆ ಸಿಕ್ಕ ಗಿಳಿಹಸಿರು ವೇಲ್, ಇವೆರಡನ್ನೇ ಹಿಡಿದುಕೊಂಡು ಪೊಲೀಸರು ಕಾಣೆಯಾದ ಎಂ.ಎ. ವಿದ್ಯಾರ್ಥಿನಿ ಅಂಜಲಿ ಯಾವನ ಜೊತೆಗೋ ತಾನಾಗಿಯೇ ಹೋಗಿದ್ದಾಳೆ ಎಂದು ತೀರ್ಮಾನ ಮಾಡಿ ಮುಗಿಸಿದ್ದರು.

"ಆ ಬಾಜೂಕಿನ ಹೆಣ್ಣಮಗಳು ಹೆಂಗಿದ್ಲು?"

"ಹೆಂಗಸರು ಹೆಂಗಿರ್ತಾರ, ಹಂಗಿದ್ಲು. ಸೀರಿ ಉಟ್ಟಿದ್ಲು. ಗಂಗಾವತಿ ಟಿಕೆಟ್ ತಗೊಂಡು ಮುಂದಿನ ಸ್ಟಾಪಿಗೇ ಇಳದ್ಲು. ಹಾಂ, ಇಳಿಯೂ ಮುಂದ ನನ್ನ ಕೈಯಾಗ ಎರಡು ಮಿರ್ಚಿ ಇಟ್ಲು. ಎಣ್ಣಿ ಇನ್ನೂ ಕುದಿಯಾಕತ್ತಿತ್ತು. ನಾಲಿಗಿ ಸುಟ್ಟಕೊಂಡೆ."

"ಇದನ್ನ ಪೊಲೀಸರಿಗೆ ಹೇಳಿದ್ರೇನು?"

"ಮಿರ್ಚಿ ತಿಂದಿದ್ದೂ ಸ್ಟೇಷನ್ನಿನ್ಯಾಗ ಬರೆಸಬೇಕೇನ್ರಿ? ಕೈ ಬಿಡ್ರಿ ಮೇಡಂ, ಟೈಮಾಗೈತಿ."

ಬಸ್ಸು ಹೊರಟಿತು. ಎದ್ದ ಧೂಳಿನಲ್ಲಿ ಸುರೇಖಾ ಕಣ್ಣು ಕಿರಿದು ಮಾಡಿಕೊಂಡು ನಿಂತಳು.

ವಿಶ್ವವಿದ್ಯಾಲಯದ ಗೇಟಿನ ಮುಂದಿನ ಈ ಬಸ್ ಸ್ಟಾಪನ್ನು ಅವಳೇ ಅಂಜಲಿಗೆ ಹಂಚಿದ್ದಳು. ಸಮಾಜಶಾಸ್ತ್ರದ ಮಕ್ಕಳಿಗೆ ಅವಳು ಪ್ರತಿವರ್ಷ ಕೊಡುವ ಕೆಲಸ ಅದು. ಒಂದು ಜಾಗ ಹಿಡಿದು ಕೂಡಬೇಕು. ಯಾರು ಬರುತ್ತಾರೆ, ಯಾರು ಯಾರಿಗೆ ಜಾಗ ಬಿಡುತ್ತಾರೆ, ಹೆಂಗಸರು ಎಲ್ಲಿ ನಿಲ್ಲುತ್ತಾರೆ, ಗಂಡಸರು ಎಲ್ಲಿ ಚಾಚಿಕೊಂಡು ಕೂಡುತ್ತಾರೆ ನೋಡಬೇಕು. "ಬರಕೋಬ್ಯಾಡ್ರಿ, ಪೆನ್ನು ಕಂಡ್ರ ಜನ ಬದಲಾಗ್ತಾರ. ಬರೇ ನೋಡ್ರಿ, ಬಂದು ನನಗ ಹೇಳ್ರಿ" ಅನ್ನುತ್ತಿದ್ದಳು.

ಯಲಬುರ್ಗಾದ ತವರುಮನೆಯಲ್ಲಿ ಹೊಸ್ತಿಲು ದಾಟಲು ಅಪ್ಪನ ಅಪ್ಪಣೆ ಬೇಕಿತ್ತು. ಕಿಟಕಿಯಲ್ಲಿ ನಿಂತು ನೋಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ತನಗೆ ಕೇಳದೆ ಸಿಕ್ಕ ಆ ಒಂದೇ ಸ್ವಾತಂತ್ರ್ಯವನ್ನು ಸುರೇಖಾ ಹುಡುಗಿಯರಿಗೆ ಉಡುಗೊರೆಯೆಂದು ಕೊಟ್ಟಿದ್ದಳು. ನೋಡುವ ಹೆಣ್ಣನ್ನು ಇನ್ನೊಬ್ಬರು ನೋಡುತ್ತಾರೆ ಎಂಬುದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ.

ಕೊಪ್ಪಳದ ಕಡೆ ಹೋಗುವ ಬಸ್ಸು ಬಂತು. ತರಗತಿ ಬಿಟ್ಟ ಹುಡುಗಿಯರು ಅದು ನಿಲ್ಲುವ ಮೊದಲೇ ಅದರ ಪಕ್ಕಕ್ಕೆ ಓಡಿದರು. ಕಿಟಕಿಗಳೊಳಗೆ ಸಾಮಾನು ಬೀಳತೊಡಗಿದವು: ಕರ್ಚೀಫು, ಪುಸ್ತಕ, ನೀರಿನ ಬಾಟಲಿ, ಊಟದ ಡಬ್ಬಿ. ಒಬ್ಬಳು ಒಂಟಿ ಚಪ್ಪಲಿಯನ್ನೇ ಒಗೆದು ಕುಂಟುತ್ತ ಬಾಗಿಲಿಗೆ ನುಗ್ಗಿದಳು. ಮುದುಕನೊಬ್ಬ ಹೆಗಲ ಮೇಲಿನ ಟವೆಲ್ಲು ಎಸೆದ.

"ಏ ಯಜ್ಜಾ, ಅದು ನನ್ನ ಸೀಟು, ನನ್ನ ಡಬ್ಬಿ ಐತಿ ನೋಡು!"

"ನಿನ್ನ ಡಬ್ಬಿ ಮ್ಯಾಲೆ ನನ್ನ ಟವೆಲ್ ಐತಿ, ಬೇಕಾದ್ರ ತೊಡಿ ಮ್ಯಾಲೆ ಕುಂದರಸ್ಕೋತೀನಿ ಡಬ್ಬೀನ್ನ!"

ಎಲ್ಲರೂ ನಕ್ಕರು. ಸುರೇಖಾ ನಗಲಿಲ್ಲ. ಅವಳು ಹುಡುಗಿಯರ ಕೈಗಳನ್ನೇ ನೋಡುತ್ತಿದ್ದಳು.

ವೇಲ್ ಮಾತ್ರ ಯಾರೂ ಎಸೆಯಲಿಲ್ಲ.

ಎಸೆಯುವುದಿರಲಿ, ಗದ್ದಲಕ್ಕೆ ನುಗ್ಗುವ ಮೊದಲು ಒಬ್ಬೊಬ್ಬಳೂ ವೇಲನ್ನು ಇನ್ನೊಂದು ಸುತ್ತು ಬಿಗಿ ಮಾಡಿಕೊಂಡಳು. ಎದೆಯ ಮೇಲಿನ ವೇಲ್ ತೆಗೆದು ಸೀಟಿಗೆ ಹಾಸಿ, ಇಷ್ಟು ಮಂದಿಯ ಕಣ್ಣೆದುರು ನೀರು ತರಲು ನಡೆದು ಹೋಗುವ ಹುಡುಗಿ ಈ ಸೀಮೆಯಲ್ಲಿ ಇಲ್ಲ. ಕಂಡಕ್ಟರನಿಗೂ ಪಿಎಸ್‌ಐಗೂ ವೇಲೂ ಒಂದೇ, ಟವೆಲ್ಲೂ ಒಂದೇ.

ಆ ವೇಲನ್ನು ಸೀಟಿಗೆ ಹಾಕಿದವಳು ಅಂಜಲಿ ಅಲ್ಲ. ಜನ್ಮದಲ್ಲಿ ವೇಲ್ ಹೊದೆಯದ ಯಾರೋ ಹಾಕಿದ್ದರು.

ಸುರೇಖಾ ಸ್ಟಾಪಿನ ಕಲ್ಲುಬೆಂಚಿನ ಕಡೆ ತಿರುಗಿದಳು. ಅಂಜಲಿಯ ತಾಯಿ ಯಮನೂರಮ್ಮ ಅಲ್ಲೇ ಇದ್ದಳು. ಶ್ರೀರಾಮನಗರದಲ್ಲಿ ನಾಟಿ ಕೆಲಸ ಬಿಟ್ಟು ಬಂದವಳು ಮಗಳು ಇಳಿಯಬಹುದೆಂದು ಬೆಳಗಿನಿಂದ ಸಂಜೆಯವರೆಗೆ ಬಸ್ಸಿನ ಬಾಗಿಲು ಕಾಯುತ್ತಿದ್ದಳು. ರಾತ್ರಿ ಹಾಸ್ಟೆಲಿನಲ್ಲಿ ಮಗಳ ಕೋಣೆಯಲ್ಲಿ ಮಲಗುತ್ತಿದ್ದಳು. ಮಗಳು ಓಡಿಹೋದದ್ದು ಖರೆಯಾದರೆ ಅವಳ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತಕೂಡದು ಎಂದು ಗಂಡ ಫೋನಿನಲ್ಲಿ ಹೇಳಿದ್ದ.

ಸ್ಟಾಪಿಗೆ ಬಂದವರೆಲ್ಲ ಅವಳನ್ನು ಕೇಳುತ್ತಿದ್ದರು. ನಮ್ಮ ಕಡೆ ಅಳುವ ಹೆಂಗಸನ್ನು ಕೇಳದೆ ದಾಟಿ ಹೋಗುವುದಿಲ್ಲ. "ಯಾಕಬೇ ಯಕ್ಕಾ, ಏನಾತು? ಯಾವೂರು? ಮಗಳಿಗೆ ಲಗ್ನ ಗೊತ್ತು ಮಾಡಿದ್ರೇನು?" ಬುಟ್ಟಿ ಹೊತ್ತವರು, ಪರೀಕ್ಷೆಗೆ ಬಂದವರು, ಟಂಟಂ ಆಟೋ ಓಡಿಸುವವರು, ಎಲ್ಲರೂ.

ಎದುರಿನ ತಗಡಿನ ಅಂಗಡಿಯಲ್ಲಿ ಮಂಡಕ್ಕಿ ವಗ್ಗರಣಿ, ಮಿರ್ಚಿ ಮಾಡುವ ಶಂಕ್ರಮ್ಮ ಮಾತ್ರ ಕೇಳಿರಲಿಲ್ಲ. ಊರಿನ ಸುದ್ದಿಯನ್ನೆಲ್ಲ ಎಣ್ಣೆಯಲ್ಲಿ ಕರಿದು ಹಂಚುವ ಶಂಕ್ರಮ್ಮ, ಹೊತ್ತು ಹೊತ್ತಿಗೆ ಯಾರದಾದರೂ ಕೈಯಲ್ಲಿ ಆ ತಾಯಿಗೆ ಚಹಾ ಕಳಿಸುತ್ತಿದ್ದಳು. ತಾನು ಮಾತ್ರ ರಸ್ತೆ ದಾಟಿ ಬರುತ್ತಿರಲಿಲ್ಲ.

ಇವತ್ತೊಂದು ಹೊಸದಿತ್ತು. ಯಮನೂರಮ್ಮ ಮುಖ ತೊಳೆದಿದ್ದಳು, ಕೂದಲು ಹಿಕ್ಕಿ ಗಂಟು ಹಾಕಿದ್ದಳು. ಪಕ್ಕದಲ್ಲಿ ವಗ್ಗರಣಿಯ ಖಾಲಿ ತಟ್ಟೆ ಇತ್ತು. ಇಷ್ಟು ದಿನ ಒಂದು ಕಾಳು ಬಾಯಿಗಿಡದವಳು ತಟ್ಟೆ ಬಳಿದು ತಿಂದಿದ್ದಳು. ಪಾಪ, ಹಸಿವೆ ಯಾರನ್ನು ಬಿಟ್ಟೀತು ಅಂದುಕೊಂಡು ಸುರೇಖಾ ಅದನ್ನು ಅಲ್ಲಿಗೇ ಬಿಟ್ಟಳು.

"ಏನಾರ ಸುಳಿವು ಸಿಕ್ತೇನ್ರಿ ಮೇಡಂ?"

ಪ್ರಭುರಾಜ. ಸುರೇಖಾಳ ವಿಭಾಗದಲ್ಲೇ ಪಾಠ ಮಾಡುವವನು, ಅವಳಿಗಿಂತ ಹತ್ತು ವರ್ಷ ಸಣ್ಣವನು. ಗೇಟಿನ ನೆರಳಲ್ಲಿ ಕಾರು ನಿಲ್ಲಿಸಿ, ಯಮನೂರಮ್ಮನಿಗೆಂದು ತಣ್ಣನೆಯ ನೀರಿನ ಬಾಟಲಿ ತಂದಿದ್ದ. ತಾಯಿಯನ್ನು ಪೊಲೀಸ್ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಬಂದವನೂ ಅವನೇ. ಇಡೀ ಸ್ಟಾಫ್ ರೂಮಿನಲ್ಲಿ ಈ ವಿಷಯಕ್ಕೆ ಬಿಸಿಲಿಗಿಳಿದವರು ಇವರಿಬ್ಬರೇ.

ತನ್ನ ಸುಳಿವಿನ ಬಿಸಿ ಇನ್ನೂ ಆರಿರಲಿಲ್ಲ. ಹೇಳಿಕೊಳ್ಳದೆ ಇರಲು ಸುರೇಖಾಗೆ ಆಗಲಿಲ್ಲ.

"ವೇಲ್ ಅಂಜಲಿ ಹಾಕಿದ್ದಲ್ಲ ಸರ್. ಅಕಿ ಆ ಬಸ್ ಹತ್ತೇ ಇಲ್ಲ. ಯಾರೋ ಬೇಕಂತ ನಮ್ಮನ್ನ ಗಂಗಾವತಿ ಕಡೆ ತಿರುಗಿಸ್ಯಾರ. ಶಂಕ್ರಮ್ಮಗ ಎಲ್ಲಾ ಗೊತ್ತೈತಿ ಅನಸ್ತೈತಿ."

"ಭಲೇ!" ಎಂದ ಪ್ರಭುರಾಜ. "ನಿಮ್ಮ ಕಣ್ಣಿಗೆ ಬಿದ್ದಿದ್ದು ತಪ್ಪಿಸ್ಕೊಳ್ಳೂದಿಲ್ಲ ಬಿಡ್ರಿ. ನೀವು ಅಂಗಡಿಗೆ ಹೋಗ್ರಿ, ನಾ ತಾಯಿ ಕೂಡ ಕುಂತಿರ್ತೀನಿ."

ಹೊಗಳಿಕೆ ಹಿತವಾಗಿತ್ತು. ಅದೇ ಹಿತದಲ್ಲಿ ಸುರೇಖಾ ರಸ್ತೆ ದಾಟಿದಳು.

ಶಂಕ್ರಮ್ಮ ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಗಳನ್ನು ಒಂದೊಂದಾಗಿ ಎಣ್ಣೆಗೆ ಬಿಡುತ್ತಿದ್ದಳು. ಗಿರಾಕಿಗಳು ಇರಲಿಲ್ಲ.

"ಶಂಕ್ರಮ್ಮಾರ, ಕಂಡಕ್ಟರ್ ದುರುಗಪ್ಪನ ನಾಲಿಗಿ ಸುಟ್ಟೈತಂತ."

"ಬಿಸೀದು ತಿಂದ್ರ ಸುಡ್ತೈತಿ. ಆರಿಸ್ಕೊಂಡು ತಿನ್ನಬೇಕಪ್ಪ."

"ಬಸ್ಸಿನ್ಯಾಗ ಬಿಸೀದು ಕೊಟ್ಟಾಕಿ ಯಾರು?"

"ಈ ರಸ್ತಾದಾಗ ನಾ ಒಬ್ಬಾಕೀನ ಕರೀತೀನೇನ್ರಿ? ಹೆಜ್ಜಿಗೊಂದು ಬಂಡಿ ಅದಾವ. ಎರಡು ಹಾಕ್ಲೇನು ನಿಮಗ?"

"ಮಿರ್ಚಿ ಬಿಡ್ರಿ. ಆ ತಾಯಿನ್ನ ಈ ಸ್ಟಾಪಿನ್ಯಾಗ ಎಲ್ಲಾರೂ ಕೇಳ್ಯಾರ. ನೀವೊಬ್ಬರು ಕೇಳಿಲ್ಲ. ಯಾಕ?"

ಜಾಲರಿ ಸೌಟು ಹಿಡಿದ ಕೈ ನಿಂತಿತು. ಎಣ್ಣೆಯಲ್ಲಿ ಮಿರ್ಚಿ ಕೆಂಪಾಗಿ ಕಪ್ಪಾಗತೊಡಗಿದರೂ ಶಂಕ್ರಮ್ಮ ತಿರುವಿ ಹಾಕಲಿಲ್ಲ. ಆಮೇಲೆ ಬಗ್ಗಿ ಒಲೆ ಆರಿಸಿದಳು.

"ಕೇಳಾಕ ಬಾಯಿ ಬರಲಿಲ್ರಿ. ಅಕಿ ಅಳೂದು ನೋಡಕೋಂತ ಹಿಟ್ಟು ಕಲಸೀನಿ. ಒಳಗ ಬರ್ರಿ."

ತಗಡಿನ ಹಿಂದೆ ಈರುಳ್ಳಿ ಚೀಲ, ಖಾಲಿ ಡಬ್ಬಗಳ ನಡುವೆ ಇಬ್ಬರು ನಿಲ್ಲುವಷ್ಟೇ ಜಾಗವಿತ್ತು.

"ವೇಲ್ ನೀವಽ ಹಾಕಿದ್ರಿ."

"ಹೂಂ."

"ಹುಡಿಗೇರು ಸೀಟಿಗೆ ವೇಲ್ ಹಾಕೂದಿಲ್ಲ ಶಂಕ್ರಮ್ಮಾರ."

"ನನಗೇನ್ ಗೊತ್ರಿ? ಹುಟ್ಟಿದಾಗಿಂದ ಸೀರೀನ ಕಂಡಾಕಿ. ಬಟ್ಟಿ ಹಾಕಿದ್ರ ಸೀಟು ಹಿಡದಂಗ ಅಂತ ಹಾಕಿದೆ. ಅಕೀದು ಅಂತ ಗುರ್ತು ಸಿಗಬೇಕಿತ್ತು, ಅಷ್ಟ." ಅವಳು ದನಿ ತಗ್ಗಿಸಿದಳು. "ಇಲ್ಲೇ ನಿಂತು ನನ್ನ ಹಳೇ ಸೀರಿ ಉಟ್ಲು ಹುಡುಗಿ. ತಲಿ ಮ್ಯಾಲೆ ಸೆರಗು, ಬಗಲಾಗ ನನ್ನ ಬುಟ್ಟಿ. ನಾ ಇತ್ಲಾಗ ಗಂಗಾವತಿ ಬಸ್ ಹತ್ತಿದೆ, ಅಕಿ ಅತ್ಲಾಗ ಕೊಪ್ಪಳದ್ದು ಹತ್ತಿದ್ಲು. ಆ ಹೆಲ್ಮೆಟ್ ಹಾಕ್ಕೊಂಡಾಂವ ಅಕಿ ಮಗ್ಗಲ್ದಾಗ ನಿಂತಿದ್ದ. ನೋಡಲಿಲ್ಲ. ಚೂಡಿದಾರದ ಹುಡಿಗೇರ್ನ ನೋಡಾಕ ಕುಂತಾಂವ ಬುಟ್ಟಿ ಹೊತ್ತಾಕಿನ್ನ ನೋಡ್ತಾನೇನ್ರಿ?"

ಹೆಲ್ಮೆಟ್. ಸುರೇಖಾ ಈರುಳ್ಳಿ ಚೀಲಕ್ಕೆ ಕೈ ಊರಿದಳು.

ಅಂಜಲಿ ಅದನ್ನು ಕಾರಿಡಾರಿನಲ್ಲಿ ಅವಳೊಬ್ಬಳಿಗೇ ಹೇಳಿದ್ದಳು. "ಮೇಡಂ, ಬೇವಿನ ಗಿಡದ ಕೆಳಗ ಒಬ್ಬಾಂವ ಬೈಕ್ ನಿಲ್ಲಿಸ್ಕೊಂಡು ಕುಂದರ್ತಾನ್ರಿ. ಗಾಡಿ ಓಡಿಸುವಾಗನ ಇಲ್ಲಿ ಯಾರೂ ಹೆಲ್ಮೆಟ್ ಹಾಕೂದಿಲ್ಲ, ಇಂವ ನೆರಳಾಗ ಕುಂತು ಹಾಕ್ಕೊಂಡಿರ್ತಾನ. ಇಂಥಾ ಬಿಸಿಲಾಗ ಮುಖ ಬೇಯಂಗಿಲ್ಲೇನ್ರಿ ಅವಗ?" ಎಂಥ ಚುರುಕು ಕಣ್ಣು! ಅವತ್ತೇ ಮಧ್ಯಾಹ್ನ ಸ್ಟಾಫ್ ರೂಮಿನ ಚಹಾದ ಜೊತೆ ಸುರೇಖಾ ಅದನ್ನು ಹಂಚಿದ್ದಳು, ಹುಡುಗಿಯ ಹೆಸರು ಹೇಳಿ, ಅವಳ ಮಾತನ್ನು ಅಕ್ಷರ ಬಿಡದೆ. ಎಲ್ಲರೂ ನಕ್ಕಿದ್ದರು. ನನ್ನ ಶಿಷ್ಯೆ ನೋಡ್ರಿ ಎಂದು ಹೆಮ್ಮೆಪಟ್ಟಿದ್ದಳು.

"ಅಂವ ಹುಡಿಗೇರ್ ಫೋಟೋ ಹೊಡಿತಿದ್ನಂತ್ರಿ ಮೇಡಮ್ಮಾರ," ಎಂದಳು ಶಂಕ್ರಮ್ಮ. "ಬಸ್ ಹತ್ತುವಾಗ, ಬಗ್ಗುವಾಗ. ಒಂದಿನ ಗಿಡದ ಹಿಂದ ಹೆಲ್ಮೆಟ್ ತಗದು ಬೆವರು ಒರಸ್ಕೊಳ್ಳೂದರಾಗ ಅಂಜಲಿ ಅವನ ಫೋಟೋ ಹೊಡದಾಳ. ಹೊಡಿಯೂದು ಅಂವ ನೋಡ್ಯಾನ. ಅಲ್ಲಿಂದ ಅಕಿ ಹಿಂದ ಬಿದ್ದ."

"ಯಾರು? ಮುಖ ನೀವು ನೋಡಿದ್ರೇನು?"

"ತೋರಿಸ್ಲಿಲ್ಲ. 'ನೋಡಿದ್ರ ನಿನಗೂ ತ್ರಾಸು ಯಕ್ಕಾ, ಫೋನಿನ್ಯಾಗ ಐತಿ ಅಂತ ನಿನಗೊಬ್ಬಾಕಿಗೆ ಗೊತ್ತಿರಲಿ' ಅಂದ್ಲು. ಅಂವ ಒಳಗಿನಾಂವ, ನಿಮ್ಮ ಗೇಟಿನ ಒಳಗಿನಾಂವ ಅಂತಷ್ಟ ಹೇಳಿದ್ಲು."

"ನನ್ನ ಹತ್ರ ಬರಬೇಕಿತ್ತು. ನನಗ್ಯಾಕ ಹೇಳ್ಲಿಲ್ಲ?"

ಶಂಕ್ರಮ್ಮ ಅವಳ ಮುಖ ನೋಡಿದಳು. ಹೇಳಲೋ ಬೇಡವೋ ಎಂದು ಅಳೆಯುವ ನೋಟ.

"ಸಿಟ್ಟಾಗಬ್ಯಾಡ್ರಿ. ಒಂದಿನ ಅಂವ ಅಕಿ ಮಗ್ಗಲ್ದಾಗ ಬೈಕ್ ನಿಧಾನ ಮಾಡಿ, 'ಇಂಥಾ ಬಿಸಿಲಾಗ ಮುಖ ಬೇಯಂಗಿಲ್ಲೇನು ಅಂತ ಕೇಳಿದೆಂತಲ್ಲ?' ಅಂದನಂತ. ಆ ಮಾತು ಹುಡುಗಿ ನಿಮಗೊಬ್ಬರಿಗೇ ಹೇಳಿತ್ತು. 'ಮೇಡಂಗ ಹೇಳಬ್ಯಾಡ ಯಕ್ಕಾ, ಅವ್ರು ಕೆಟ್ಟವ್ರಲ್ಲ, ಆದ್ರ ಅವ್ರ ಕಿವಿಗೆ ಬಿದ್ದಿದ್ದು ಸಂಜೀಕ ಎಲ್ಲಾರ ಚಾದಾಗ ಇರ್ತೈತಿ' ಅಂದ್ಲು."

ಸುರೇಖಾ ಯಾವ ಹುಡುಗಿಗೆ ನೋಡಲು ಕಲಿಸಿದ್ದಳೋ ಆ ಹುಡುಗಿ ತನ್ನನ್ನೂ ನೋಡಿ ಅಳತೆ ಮಾಡಿದ್ದಳು. ಅಳತೆ ತಪ್ಪಿರಲಿಲ್ಲ. ಸೀರೆ ಕೊಡಲು, ಬಸ್ ಹತ್ತಲು, ಆಮೇಲೆ ಬಾಯಿ ಹೊಲಿದುಕೊಂಡು ಒಲೆಯ ಮುಂದೆ ನಿಲ್ಲಲು ಅಂಜಲಿ ಮಿರ್ಚಿ ಕರಿಯುವವಳನ್ನು ಆರಿಸಿಕೊಂಡಿದ್ದಳು, ತನ್ನನ್ನಲ್ಲ.

"ಈಗ ಎಲ್ಲೈತಿ ಹುಡುಗಿ?" ಕೇಳಿದ ಮೇಲೆ ತಾನೇ ಕೈ ಅಡ್ಡ ಹಿಡಿದಳು. "ಬ್ಯಾಡ. ನನಗ ಹೇಳಬ್ಯಾಡ್ರಿ."

"ನಿಮಗ ಹೇಳದಿದ್ರೇನಾತು ಮೇಡಮ್ಮಾರ, ಇವತ್ತು ಬಾಯಿ ಜಾರಿ ಹೋಗೈತಿ." ಶಂಕ್ರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಕಿ ಅವ್ವನ ಅಳು ತಡಿಯಾಕ ಆಗಲಿಲ್ಲ. ನಾನೂ ಹಡದಾಕಿ. ಬೆಳಿಗ್ಗೆ ನೀರಿನ ಪಂಪಿನ ಹತ್ರ ಕರದು, 'ಮಗಳು ಛಲೋ ಅದಾಳ, ಕುಷ್ಟಗ್ಯಾಗ ನನ್ನ ತಂಗಿ ಕಳಕಮ್ಮನ ಮನ್ಯಾಗ ಅದಾಳ, ಅಂಗಡಿ ಮುಚ್ಚಿದ ಮ್ಯಾಲೆ ನಾನಽ ಕರ್ಕೊಂಡು ಹೊಕ್ಕೀನಿ, ಅಲ್ಲೀತನಾ ಯಾರ ಮುಂದೂ ಉಸುರು ಬಿಡಬ್ಯಾಡ' ಅಂದೀನಿ. ಆಣಿ ಮಾಡಿಸೀನಿ."

ತೊಳೆದ ಮುಖ, ಬಳಿದ ತಟ್ಟೆ. ಅದನ್ನು ಕಂಡೂ ಸುರೇಖಾ ಕಂಡಿರಲಿಲ್ಲ. ಅವಳಂತೆಯೇ ನೋಡಲು ಕಲಿತ ಇನ್ನೊಬ್ಬರು ಈಗ ಆ ತಟ್ಟೆಯ ಪಕ್ಕದಲ್ಲೇ ಕೂತಿದ್ದರು. ಮಗಳು ಆ ಬಸ್ ಹತ್ತಿಲ್ಲ, ಶಂಕ್ರಮ್ಮನಿಗೆ ಎಲ್ಲಾ ಗೊತ್ತು ಎಂದು ಅವರಿಗೆ ಇವಳೇ ಹೇಳಿ ಬಂದಿದ್ದಳು.

ಅವಳು ತಗಡು ಸರಿಸಿ ಹೊರಗೆ ಬಂದಳು.

ಕಲ್ಲುಬೆಂಚು ಖಾಲಿ ಇತ್ತು. ಗೇಟಿನ ನೆರಳಲ್ಲಿ ಕಾರು ಇರಲಿಲ್ಲ.

"ಆ ಮುದುಕಿನ್ನ ಸರ್ ಕಾರಿನ್ಯಾಗ ಹತ್ತಿಸ್ಕೊಂಡು ಹೋದ್ರು ಮೇಡಂ," ಎಂದ ಟಂಟಂನವ. "ಮಗಳು ಸಿಕ್ಕಾಳಂತಲ್ಲ? ನಕ್ಕೋಂತ ಹೋತು ಪಾಪ."

ಒಬ್ಬ ಸಹೋದ್ಯೋಗಿ ಉಪಕಾರ ಮಾಡುತ್ತಿದ್ದಾನೆ, ಅಷ್ಟೇ ಇರಬಹುದು. ಚಹಾದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಬೇರೆಯವರೂ ಇದ್ದರು. ಸುರೇಖಾ ತನಗೆ ತಾನೇ ಹೀಗೆ ಹೇಳಿಕೊಳ್ಳುತ್ತ ಯಮನೂರಮ್ಮನ ನಂಬರು ಒತ್ತಿದಳು. ಶಂಕ್ರಮ್ಮ ಪಕ್ಕಕ್ಕೆ ಬಂದು ನಿಂತಳು.

"ಹಲೋ, ಯವ್ವಾ ಮೇಡಂರಿ!" ಆ ದನಿಯಲ್ಲಿ ಇಂಥ ಬೆಳಕನ್ನು ಸುರೇಖಾ ಮೊದಲ ಸಲ ಕೇಳಿದಳು. "ನಿಮಗ ಹೇಳಿ ಬರಾಕ ಆಗಲಿಲ್ರಿ. ಮಗಳ ಕಡೆ ಹೊಂಟೀನಿ. ಸಾಹೇಬ್ರು ದೇವರಂಥವ್ರು ನೋಡ್ರಿ, ನನ್ನ ಮಾರಿ ನೋಡೇ ತಿಳ್ಕೊಂಡು ಬಿಟ್ರು. 'ಮೇಡಂ ನನಗೆಲ್ಲಾ ಹೇಳ್ಯಾರ' ಅಂದ್ರು. ನಿಮಗ ಗೊತ್ತಿದ್ದ ಮ್ಯಾಲೆ ನಂದೇನು ಆಣಿ ಅಂತ ಊರು ಹೇಳಿಬಿಟ್ಟೆ."

"ಯಮನೂರಮ್ಮಾರ, ಅವ್ರು ಮತ್ತೇನಂದ್ರು?"

"ಏನಿಲ್ರಿ. 'ಅಂಜಲಿ ಸಿಕ್ಕ ಕೂಡಲೆ ಅಕಿ ಫೋನು ಮೊದಲ ಇಸಗೊಂಡು ನನ್ನ ಕೈಯಾಗ ಕೊಡ್ರಿ' ಅಂದಾರ. ಅದರಾಗೊಂದು ಫೋಟೋ ಐತಂತ. ಅದರಿಂದನ ಇಷ್ಟೆಲ್ಲಾ ಆಗೈತಂತ. ಅದೊಂದು ಅಳಿಸಿದ್ರ ನನ್ನ ಮಗಳು ಮತ್ತ ಸಾಲಿಗೆ ಬರಬಹುದಂತ."

ಫೋಟೋದ ಮಾತು ಅಂಜಲಿಗೆ ಗೊತ್ತಿತ್ತು. ಶಂಕ್ರಮ್ಮನಿಗೆ ಗೊತ್ತಿತ್ತು. ಸುರೇಖಾಗೆ ಈಗಷ್ಟೇ ಗೊತ್ತಾಗಿತ್ತು, ಅವಳು ಅದನ್ನು ಇನ್ನೂ ಯಾರಿಗೂ ಹೇಳಿರಲಿಲ್ಲ.

ಉಳಿದವನು ಫೋಟೋದಲ್ಲಿದ್ದವನು ಒಬ್ಬನೇ.

ಫೋನು ಕೈ ಬದಲಾದ ಸದ್ದಾಯಿತು.

"ಮೇಡಂ, ಗಾಬರಿ ಆಗಬ್ಯಾಡ್ರಿ," ಎಂದ ಪ್ರಭುರಾಜ. ಸ್ಟಾಫ್ ರೂಮಿನಲ್ಲಿ ಸಕ್ಕರೆ ಡಬ್ಬಿ ಕೇಳುವಾಗಿನ ಅದೇ ಮೆತ್ತನೆಯ ದನಿ. "ತಾಯಿ ಮಗಳನ್ನ ಕೂಡಿಸಿ ಬರ್ತೀನಿ. ಕುಷ್ಟಗಿ ಅಂತ ಹೇಳ್ತಾರ, ಓಣಿ ಹೇಳಾಕ ಬರವಲ್ದು ಇವರಿಗೆ. ಶಂಕ್ರಮ್ಮ ನಿಮ್ಮ ಬಾಜೂಕನ ಇರಬೇಕಲ್ಲ? ಸ್ವಲ್ಪ ಕೇಳಿ ಹೇಳ್ರಿ."

ಹಿಂದಿನಿಂದ ಯಮನೂರಮ್ಮನ ದನಿ ಬಂತು: "ಲಗೂನ ಹೇಳ್ರಿ ಯವ್ವಾ, ಹೊತ್ತಾಗ್ತೈತಿ."

ಶಂಕ್ರಮ್ಮನಿಗೆ ಅರ್ಧ ಕೇಳಿಸಿತ್ತು, ಉಳಿದರ್ಧ ಸುರೇಖಾಳ ಮುಖದಲ್ಲಿ ಕಂಡಿತ್ತು. ಅವಳು ಹಿಟ್ಟು ಹತ್ತಿದ ಕೈಯಿಂದ ಬಾಯಿ ಮುಚ್ಚಿಕೊಂಡು ಬೇಡವೆಂದು ತಲೆ ಅಲ್ಲಾಡಿಸಿದಳು.

ಮಗಳನ್ನು ಉಳಿಸಲು ಸುಳ್ಳು ಹೇಳಬೇಕು. ಆ ಸುಳ್ಳಿನ ದಾರಿಯುದ್ದಕ್ಕೂ ತಾಯಿ ಅವನ ಪಕ್ಕದಲ್ಲಿರುತ್ತಾಳೆ. ಯೋಚಿಸಲು ಹೊತ್ತಿರಲಿಲ್ಲ.

"ಕುಷ್ಟಗಿ ಅಲ್ಲ ಸರ್," ಎಂದಳು ಸುರೇಖಾ. "ಶಂಕ್ರಮ್ಮ ಆ ತಾಯಿಗೆ ಪೂರಾ ಖರೆ ಹೇಳಿಲ್ಲ. ಹುಡುಗಿ ಇರೂದು ಯಲಬುರ್ಗಾದಾಗ."

ಕಾರಿನ ಇಂಜಿನ್ ಸದ್ದು ಮೆಲ್ಲಗಾಯಿತು, ನಿಂತಿತು.

"ಯಲಬುರ್ಗಾ," ಎಂದ ಪ್ರಭುರಾಜ. "ನಿಮ್ಮ ತವರು ಅಲ್ಲೇನ್ರಿ ಮೇಡಂ? ಛಲೋ ಆತು. ನೀವೂ ಈಗಿಂದೀಗ ಬಸ್ ಹತ್ತಿ ಬಂದುಬಿಡ್ರಿ, ಮನಿ ನೀವಽ ತೋರಸ್ರಿ. ಹುಡುಗಿ ನನ್ನ ಕಣ್ಣಿಗೆ ಬೀಳೂತನಾ ಈ ಅವ್ವ ನನ್ನ ಕಾರಿನ್ಯಾಗ ಇರ್ತಾಳ."